ಇನ್ಸ್‌ಪೆಕ್ಟರರ ಡಬ್ಬಿಯಲ್ಲಿ ಕಪ್ಪೆ ಇಟ್ಟವರು

ವಯಸ್ಸು ಐವತ್ತರ ಹತ್ತಿರ ಬಂತೆಂದರೆ ಗಂಡಸರು ತಮ್ಮ ಬಾಲ್ಯವನ್ನು ಸ್ವಲ್ಪ ರಿಪೇರಿ ಮಾಡಿಸಿಕೊಳ್ಳುತ್ತಾರೆ. ನನಗೆ ಗೊತ್ತಿರುವ ಒಬ್ಬರು ತುಂಬಿದ ಮಲಪ್ರಭೆಯನ್ನು ಈಜಿಕೊಂಡು ಶಾಲೆಗೆ ಹೋಗುತ್ತಿದ್ದರಂತೆ. ಅವರ ಮನೆಯೂ ಶಾಲೆಯೂ ಹೊಳೆಯ ಒಂದೇ ದಂಡೆಯಲ್ಲಿದ್ದವು. ಇನ್ನೊಬ್ಬರು ಒಂದೇ ಪಂಕ್ತಿಯಲ್ಲಿ ಇಪ್ಪತ್ತು ಹೋಳಿಗೆ ಇಳಿಸುತ್ತಿದ್ದರಂತೆ. ಇಂಥ ಸುಳ್ಳಿನಿಂದ ಯಾರಿಗೂ ತೊಂದರೆಯಿಲ್ಲವಾದ್ದರಿಂದ ಸರಕಾರವೂ ಸುಮ್ಮನಿದೆ. ನಾನು ಹೇಳಿದ ಸುಳ್ಳು ಇವಕ್ಕಿಂತ ಸಣ್ಣದು. ಶಾಲೆಯಲ್ಲಿ ನಾನು ಮಹಾ ತುಂಟನಾಗಿದ್ದೆ ಎಂದು ನನ್ನ ಮಗಳಿಗೆ ಹೇಳಿದ್ದೆ, ಅಷ್ಟೇ. ಆದರೆ ಅದನ್ನು ಏಳು ವರ್ಷ ಬಿಡದೆ ಹೇಳಿದ್ದೆ.

ಆ ತುಂಟತನ ನನ್ನ ಸ್ವಂತದ್ದಲ್ಲ, ವಿಲಾಯತಿ ಮಾಲು. ಖಾನಾಪುರದ ನಮ್ಮ ಶಾಲೆಯಲ್ಲಿ ಒಂದು ಹಸಿರು ಕಪಾಟು ಇತ್ತು. ಬೆಳಗಾವಿಯ ಕ್ಯಾಂಪಿನಲ್ಲಿದ್ದ ಯಾವುದೋ ಇಂಗ್ಲಿಷ್ ಕುಟುಂಬ ಊರು ಬಿಡುವಾಗ ಕೊಟ್ಟುಹೋದ ಕೆಂಪು ರಟ್ಟಿನ ಏಳೆಂಟು ಪುಸ್ತಕಗಳು ಅದರಲ್ಲಿದ್ದವು. ಎಲ್ಲವೂ ಒಬ್ಬನೇ ಹುಡುಗನ ಕಥೆ. ಟೈ ಕಟ್ಟಿಕೊಂಡೇ ಮರ ಹತ್ತುವ, ಅಷ್ಟೂ ಪುಸ್ತಕಗಳಲ್ಲಿ ಒಂದೇ ಒಂದು ಲೆಕ್ಕ ಬಿಡಿಸದ ಹುಡುಗ. ಶನಿವಾರ ಮುಂಜಾನೆಯ ಶಾಲೆ ಇರುತ್ತಿತ್ತಲ್ಲ, ಅದರ ಕೊನೆಯ ತಾಸಿನಲ್ಲಿ ನಮ್ಮ ಹಿರೇಮಠ ಸರ್ ಒಂದು ಪುಸ್ತಕ ತೆಗೆದು, ಇಂಗ್ಲಿಷಿನ ಮೇಲೆ ಕಣ್ಣಾಡಿಸಿ, ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅವರ ಬಾಯಲ್ಲಿ ಆ ಹುಡುಗ ಬೆತ್ತದ ಏಟು ಬಿದ್ದಾಗ "ಯಪ್ಪಾ, ಸತ್ತೆನೋ" ಎಂದು ಒದರುತ್ತಿದ್ದ. ಅವನ ಅತ್ತೆ ಅವನನ್ನು ಚಹಾಕ್ಕೆ ಕರೆದು ಹಚ್ಚಿದ ಅವಲಕ್ಕಿ ಕೊಡುತ್ತಿದ್ದಳು. ಹೊರಗೆ ಹೆಂಚಿನ ಮೇಲೆ ಖಾನಾಪುರದ ಮಳೆ, ಒಳಗೆ ಇಂಗ್ಲೆಂಡಿನ ಬೇಸಿಗೆ ರಜೆ. ದೊಡ್ಡವನಾದ ಮೇಲೆ ಒಂದು ಸಂಶಯವೂ ಬಂತು. ಇಷ್ಟು ಉಡಾಳ ಹುಡುಗರನ್ನು ಮುದ್ದಿನಿಂದ ಬೆಳೆಸಿದ ದೇಶ ನಮ್ಮಲ್ಲಿಗೆ ಬಂದು, ಕೈಕಟ್ಟಿ ಬಾಯಿಮುಚ್ಚಿ ಕೂಡುವ ಶಾಲೆ ತೆರೆಯಿತಲ್ಲ, ಇದು ಯಾವ ನ್ಯಾಯ? ಉಡಾಳತನವನ್ನೆಲ್ಲ ಸ್ವಂತ ಮಕ್ಕಳಿಗೆ ಇಟ್ಟುಕೊಂಡು ಶಿಸ್ತನ್ನು ನಮಗೆ ಕಳಿಸಿದರು. ನಾವೋ ಅವರು ಹೋದಮೇಲೂ ಅದನ್ನು ಜೋಪಾನ ಮಾಡಿದೆವು.

ಎಲ್ಲರಿಗಿಂತ ಹೆಚ್ಚು ಜೋಪಾನ ಮಾಡಿದವನು ನಾನೇ. ಯಾಕೆಂದರೆ ನಾನು ಮಾನಿಟರ್ ಆಗಿದ್ದೆ. ಈ ಸಂಗತಿಯನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಸರ್ ಹೊರಗೆ ಕಾಲಿಟ್ಟಕೂಡಲೇ ಬಳಪದ ತುಂಡು ಹಿಡಿದು ಬೋರ್ಡಿನ ಮುಂದೆ ನಿಲ್ಲುತ್ತಿದ್ದೆ. ಮೇಲೆ 'ಗದ್ದಲ ಮಾಡಿದವರು' ಎಂದು ಬರೆದು ಕೆಳಗೆ ಗೆರೆ ಎಳೆಯುವುದು. ಒಮ್ಮೆ ಮಾತಾಡಿದರೆ ಹೆಸರು, ಮತ್ತೆ ಮಾತಾಡಿದರೆ ಹೆಸರಿನ ಮುಂದೆ 'ಅತಿ', ಆಮೇಲೂ ಬಾಯಿ ಮುಚ್ಚದಿದ್ದರೆ 'ಅತಿ ಅತಿ'. ಒಂದೊಂದು ಅತಿಗೂ ಒಂದೊಂದು ಏಟು ಹೆಚ್ಚು. ಮೊದಲ ಹೆಸರು ಯಾವಾಗಲೂ ಪರಶುರಾಮನದು. ಅವನು ಜ್ವರ ಬಂದು ಮನೆಯಲ್ಲಿ ಮಲಗಿದ್ದ ದಿನವೂ ರೂಢಿಯ ಬಲದಿಂದ ಬರೆದುಬಿಟ್ಟಿದ್ದೆ. ಬಾರಿಹಣ್ಣು ಕೊಟ್ಟವರ ಹೆಸರನ್ನು ಒರೆಸುತ್ತಿದ್ದುದೂ ನಿಜವೇ. ಈಗ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ, ಬಾರಿಹಣ್ಣು ಬಿಟ್ಟಿದ್ದೇನೆ. ಇಡೀ ಶಾಲೆ ಮುಗಿಯುವವರೆಗೆ ನನ್ನ ಹೆಸರು ಬೋರ್ಡಿನ ಮೇಲೆ ಒಂದು ದಿನವೂ ಬೀಳಲಿಲ್ಲ. ಬರೆಯುವವನು ನಾನೇ ಇದ್ದಮೇಲೆ ಹೇಗೆ ಬೀಳಬೇಕು?

ನನ್ನ ಮಗಳು ಅಕ್ಷತಾ ನಾಲ್ಕು ವರ್ಷದವಳಿದ್ದಾಗ ಊಟಕ್ಕೆ ಬಹಳ ಹಟ ಮಾಡುತ್ತಿದ್ದಳು. ಹಿಂದವಾಡಿಯ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂಡಿಸಿಕೊಂಡು ಆ ಇಂಗ್ಲಿಷ್ ಹುಡುಗನ ಕಥೆ ಶುರುಮಾಡಿದೆ. "ಒಬ್ಬ ಹುಡುಗ ಇದ್ದ" ಎಂದರೆ ಬಾಯಿ ತೆರೆಯಲೊಲ್ಲಳು. ಒಂದು ಸಂಜೆ ಸಾಕಾಗಿ "ನಾ ಸಣ್ಣಾಂವ ಇದ್ದಾಗ" ಎಂದುಬಿಟ್ಟೆ. ರೊಟ್ಟಿಯ ತುತ್ತು ಗಪ್ಪನೆ ಒಳಗೆ ಹೋಯಿತು! ಅಂದಿನಿಂದ, ತಪಾಸಣೆಗೆ ಬಂದ ಇನ್ಸ್‌ಪೆಕ್ಟರರ ಊಟದ ಡಬ್ಬಿಯಲ್ಲಿ ಕಪ್ಪೆ ಇಟ್ಟವನು ನಾನಾದೆ. ಶಾಲೆಯ ಗಂಟೆಯನ್ನು ಬಾವಿಗೆ ಎಸೆದವನು ನಾನಾದೆ. ಏಳು ವರ್ಷದಲ್ಲಿ ಇಡೀ ಕಪಾಟು ಖಾಲಿಯಾಯಿತು. ಈಗ ಅವಳು ಆರನೆಯ ಇಯತ್ತೆ. ತನ್ನ ಗೆಳತಿಯರಿಗೆಲ್ಲ ಅಪ್ಪನ ಪರಾಕ್ರಮ ಹೇಳಿಕೊಂಡಿದ್ದಾಳೆ. ಸಾಹೇಬರಿಂದ ಬೈಸಿಕೊಂಡು, ತಲೆ ತಗ್ಗಿಸಿಕೊಂಡು ಮನೆಗೆ ಬಂದ ದಿನವೂ ಅವಳ ಕಣ್ಣಲ್ಲಿ ನಾನು ಯಾರಿಗೂ ಅಂಜದ ಗಂಡು. ಜಗತ್ತಿನಲ್ಲಿ ನನ್ನನ್ನು ಹಾಗೆ ನೋಡುವವರು ಅವಳೊಬ್ಬಳೇ. ನನ್ನ ಹೆಂಡತಿ ಗಿರಿಜೆಗೆ ಅಂಥ ಭ್ರಮೆ ಏನೂ ಇಲ್ಲ. "ನೀವು ಉಡಾಳ ಇದ್ರ್ಯಾ? ಮದುವ್ಯಾಗ ಫೋಟೋದಾಂವ ಅಲ್ಲಾಡಬ್ಯಾಡ್ರಿ ಅಂದಿದ್ದಕ್ಕ, ಅಂವ ಊಟಕ್ಕ ಹೋಗಿ ಬರೂತನಕಾ ಅಲ್ಲೇ ನಿಂತವರು ನೀವು" ಎಂದು ಅಡುಗೆಮನೆಯಿಂದ ಹೇಳುತ್ತಾಳೆ, ಪುಣ್ಯಕ್ಕೆ ಮೆಲ್ಲಗೆ.

ಹೀಗೆ ಸುಖವಾಗಿದ್ದಾಗ ಗುರುವಂದನೆ ಬಂತು. ಈಗೀಗ ಇದೊಂದು ಹೊಸ ಹಬ್ಬ. ಹಳೆಯ ಸಹಪಾಠಿಗಳು ವಾಟ್ಸಪ್ಪಿನಲ್ಲಿ ಗುಂಪು ಕಟ್ಟುತ್ತಾರೆ, ಎರಡು ತಿಂಗಳು ಶುಭೋದಯ ಹೇಳುತ್ತಾರೆ, ಆಮೇಲೆ ಹೇಳಲು ಏನೂ ಉಳಿಯದೆ ಗುರುಗಳಿಗೆ ಶಾಲು ಹೊದಿಸಲು ನಿರ್ಧರಿಸುತ್ತಾರೆ. ಮುಖ್ಯ ಅತಿಥಿ ಹಿರೇಮಠ ಸರ್ ಎಂದು ಓದಿದಾಗ ಖುಷಿಯಾಯಿತು. ಕೆಳಗೆ 'ಕುಟುಂಬ ಸಮೇತ ಬರಬೇಕು' ಎಂದು ಓದಿ ಫೋನನ್ನು ಬೋರಲು ಹಾಕಿದೆ. "ನಾನೂ ಬರ್ತೀನಿ ಪಪ್ಪಾ, ಎಲ್ಲಾ ಜಾಗಾ ನೋಡೂದೈತಿ" ಎಂದು ಅಕ್ಷತಾ ಆಗಲೇ ನೋಟುಬುಕ್ಕು ಹಿಡಿದು ನಿಂತಿದ್ದಳು. ಸುಳ್ಳು ಹೊಟ್ಟೆನೋವು ಮಾಡಿಕೊಳ್ಳಬಹುದಿತ್ತು. ಆದರೆ ಆ ವಿದ್ಯೆ ಉಡಾಳರಿಗೆ ಬರುವಂಥದ್ದು, ನನಗೆ ರೂಢಿಯಿಲ್ಲ.

ಭಾನುವಾರ ಮುಂಜಾನೆ ಮೂವರೂ ರೈಲು ಹತ್ತಿದೆವು. ದೇಸೂರ ದಾಟುವಾಗ ಅವಳು ಪಟ್ಟಿ ಓದಿ ತೋರಿಸಿದಳು: ಗಂಟೆ ಎಸೆದ ಬಾವಿ, ಕಪ್ಪೆ ಹಿಡಿದ ಹೊಂಡ, ಹಣ್ಣು ಕದ್ದ ಸೇಬಿನ ಗಿಡ. ಸೇಬಿನ ಗಿಡ! ಉಳಿದೆಲ್ಲವನ್ನೂ ಹಿರೇಮಠ ಸರ್ ಎಂದೋ ನಮ್ಮ ನೆಲಕ್ಕೆ ಹೊಂದಿಸಿಕೊಟ್ಟಿದ್ದರು. ಇದೊಂದನ್ನು ಯಾವುದೋ ನಿದ್ದೆಗಣ್ಣಿನಲ್ಲಿ ನಾನು ಹಾಗೇ ಬಿಟ್ಟಿದ್ದೆ. ಶಾಲೆಯ ಅಂಗಳಕ್ಕೆ ಹೋದವಳೇ ಸುತ್ತಲೂ ನೋಡಿ ಕೇಳಿದಳು, "ಸೇಬಿನ ಗಿಡ ಎಲ್ಲೈತಿ ಪಪ್ಪಾ?"

"ರಸ್ತಾ ಅಗಲ ಮಾಡುವಾಗ ಕಡದ್ರವ್ವಾ" ಎಂದೆ. ಈಗ ಮರಗಳ ಬಗ್ಗೆ ಯಾರು ಏನು ಕೇಳಿದರೂ ಇದೇ ಉತ್ತರ ನಡೆಯುತ್ತದೆ. ಅವಳಿಗೆ ಕೆಟ್ಟೆನಿಸಿತು. ನನಗೂ ಒಂದು ಕ್ಷಣ ಆ ಮರ ಹೋದದ್ದಕ್ಕೆ ಖರೇನೇ ದುಃಖವಾಯಿತು.

ಅಷ್ಟರಲ್ಲಿ ಪೆಂಡಾಲಿನ ಹಿಂದಿನಿಂದ ಯಾರೋ ನನ್ನ ತೋಳು ಹಿಡಿದು ಎಳೆದರು. ಪರಶುರಾಮ! ಈಗ ಖಾನಾಪುರದಲ್ಲೇ ಕಿರಾಣಿ ಅಂಗಡಿ ಇಟ್ಟಿದ್ದಾನೆ. ನನ್ನ ಮಾನಿಟರ್‌ಗಿರಿಯನ್ನು ಜಗಜ್ಜಾಹೀರು ಮಾಡಲು ಬಂದನೆಂದು ನಾನು ಬೆವೆತೆ. ನೋಡಿದರೆ ಬೆವರುತ್ತಿದ್ದವನು ಅವನೇ. "ಅರೇ ಮಾಂತ್ಯಾ, ಒಂದ ಮಾತು ನಡಸಿಕೊಡಪಾ. ನಾ ಭಾಳ ಶಾಣ್ಯಾ ಇದ್ನಿ, ನನ್ನ ಹೆಸರು ಬೋರ್ಡಿನ ಮ್ಯಾಲ ಒಮ್ಮೇನೂ ಬಂದಿಲ್ಲ ಅಂತ ನನ್ನ ಮಗಗ ಹೇಳೇನಿ. ನೀ ಬಾಯಿ ಬಿಟ್ಟಿ ಅಂದ್ರ ನಾಳಿಂದ ಅಂವ ಪುಸ್ತಕಾ ಮುಟ್ಟೂದಿಲ್ಲ" ಎಂದ. ನನಗೆ ದೇವರೇ ಬಂದಂತಾಯಿತು. ಅವನು ಬಾಯಿ ಮುಚ್ಚಿದರೆ ನಾನೂ ಮುಚ್ಚುತ್ತೇನೆ ಎಂದು ಕೈಮೇಲೆ ಕೈ ಹಾಕಿದೆವು. ನನ್ನ ಬಾಲ್ಯ ಅವನಿಗೆ, ಅವನ ಬಾಲ್ಯ ನನಗೆ.

ಗಂಡಾಂತರ ಬಂದದ್ದು ಊಟದ ಪಂಕ್ತಿಯಲ್ಲಿ. ಎಲೆಗೆ ಗೋಧಿ ಹುಗ್ಗಿ ಬಿದ್ದಿತ್ತಷ್ಟೆ, ಮಕ್ಕಳ ಸಾಲಿನಲ್ಲಿ ಜಗಳ ಎದ್ದಿತು. ಪಾರಿಶ್ವಾಡದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿರುವ, ಶಾಲೆಯಲ್ಲಿ ನನ್ನ ಬಾಜುವಿನಲ್ಲಿ ಕೂಡುತ್ತಿದ್ದ ಬಸವರಾಜನ ಮಗ ಎದ್ದು ನಿಂತು, "ಡಬ್ಯಾಗ ಕಪ್ಪಿ ಇಟ್ಟಿದ್ದು ನಮ್ಮ ಪಪ್ಪಾ! ಒಂದಲ್ಲ, ಎರಡು!" ಎಂದು ಕೂಗುತ್ತಿದ್ದ. "ಸುಳ್ಳು! ನಮ್ಮ ಪಪ್ಪಾ!" ಎಂದು ಅಕ್ಷತಾ. ನಡುವೆ ಇನ್ನೊಂದು ಹುಡುಗಿ, ನರ್ಸ್ ಆಗಿರುವ ನಮ್ಮ ಸಹಪಾಠಿ ಶೋಭಾಳ ಮಗಳು, "ಅದು ಕಪ್ಪೀನ ಅಲ್ಲ, ಏಡಿ. ಇಟ್ಟಾಕಿ ನಮ್ಮ ಮಮ್ಮಿ" ಎಂದಳು. ಪಂಕ್ತಿಯಲ್ಲಿ ಬಸವರಾಜ ಹುಗ್ಗಿಯನ್ನು ಅತಿ ಶ್ರದ್ಧೆಯಿಂದ ಕಲಸತೊಡಗಿದ. ಶೋಭಾ ನೀರು ಕುಡಿದಳು. ನಾನು ಅವರಿಬ್ಬರನ್ನೂ ಸಿಟ್ಟಿನಿಂದ ನೋಡಿದೆ. ಎಂಥ ನಾಚಿಕೆಗೆಟ್ಟ ಜನ! ಕದ್ದ ಮಾಲನ್ನು ಮಕ್ಕಳೆದುರು ಸ್ವಂತದ್ದೆಂದು ಹೇಳುವುದೇ?

ಮಕ್ಕಳು ನೇರವಾಗಿ ಹಿರೇಮಠ ಸರ್ ಹತ್ತಿರ ಫಿರ್ಯಾದಿ ಒಯ್ದರು. ಎಂಬತ್ತು ದಾಟಿದ ಸರ್ ಪೇಟಾ ಸುತ್ತಿಕೊಂಡು, ಶಾಲು ಹೊದ್ದು ಕೂತಿದ್ದರು. ಎಲ್ಲ ಕೇಳಿಕೊಂಡು ಹೊಟ್ಟೆ ಹಿಡಿದು ನಕ್ಕರು. "ಯಾರೂ ಇಟ್ಟಿಲ್ರವ್ವಾ! ಅದು ಇಂಗ್ಲಿಷ್ ಪುಸ್ತಕದಾಗಿನ ಕಥಿ. ಅದರಾಗ ಆ ಹುಡುಗ ಕಪ್ಪಿ ಇಟ್ಟಿದ್ದು ಹ್ಯಾಟಿನಾಗ. ಖಾನಾಪುರದಾಗ ಹ್ಯಾಟು ಯಾರ ನೋಡ್ಯಾರ ಅಂತ ಡಬ್ಬಿ ಮಾಡಿದಾಂವ ನಾನ" ಎಂದರು. ಅಲ್ಲಿಗೇ ಬಿಡಬಾರದೇ? ಅಕ್ಷತಾಳ ತಲೆ ಸವರಿ, "ನೀ ಮಹಾಂತೇಶನ ಮಗಳೇನು? ನಿಮ್ಮಪ್ಪ ಬಂಗಾರದಂಥಾ ಮಾನಿಟರ. ಅಂವ ಹೆಸರು ಬರದದ್ದಕ್ಕ ಆ ಪರಶ್ಯಾನ್ನ ಎಷ್ಟು ಬಡದೇನಿ, ಪಾಪ" ಎಂದರು. ಒಂದೇ ಮಾತಿಗೆ ಎರಡು ಮನೆ ಮುಳುಗಿದವು. ಅಲ್ಲ, ಒಂದೇ ಮುಳುಗಿದ್ದು. ಪರಶುರಾಮನ ಮಗ ಅಪ್ಪನನ್ನು ಮೊದಲ ಬಾರಿ ನೋಡುವವನ ಹಾಗೆ ಕಣ್ಣರಳಿಸಿ ನೋಡುತ್ತಿದ್ದ. ಆ ನೋಟ ನನಗೆ ಚೆನ್ನಾಗಿ ಗೊತ್ತು, ಏಳು ವರ್ಷ ಅನುಭವಿಸಿದ್ದೇನೆ. ನನ್ನ ಮಗಳು ನನ್ನ ಕಡೆ ನೋಡಲೇ ಇಲ್ಲ.

ಮರಳಿ ಬರುವಾಗ ದೇಸೂರ ದಾಟಿದ ಮೇಲೆ ಅಕ್ಷತಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಕಪ್ಪಿ ಇಡದಿದ್ರೂ ನಡೀತಿತ್ತಲ್ಲ ಪಪ್ಪಾ. ಸುಳ್ಳು ಯಾಕ ಹೇಳಿದಿ?" ಎಂದಳು.

"ನೀ ಊಟಾ ಮಾಡ್ತಿದ್ದಿಲ್ಲವ್ವಾ" ಎಂದೆ. ಕಣ್ಣಲ್ಲಿ ನೀರು ಬಂತು. ಗಿರಿಜೆ ಅದನ್ನು ನೋಡಿಯೂ ನೋಡದ ಹಾಗೆ ಚೀಲದಿಂದ ಬಾಳೆಹಣ್ಣು ತೆಗೆದುಕೊಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಅಕ್ಷತಾ ಮತ್ತೊಂದು ಪ್ರಶ್ನೆ ಕೇಳಿದಳು: "ಬೋರ್ಡಿನ ಮ್ಯಾಲ ಹೆಸರು ಹೆಂಗ ಬರೀತಿದ್ದಿ?" ನಾನು ಅತಿಯ ಲೆಕ್ಕವನ್ನೆಲ್ಲ ವಿವರಿಸಿದೆ. ಬಾರಿಹಣ್ಣಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಗಂಭೀರವಾಗಿ ಕೇಳಿಸಿಕೊಂಡಳು.

ಮರುದಿನ ಮುಂಜಾನೆ ಎದ್ದು ನೋಡಿದರೆ, ಗಿರಿಜೆ ಕಿರಾಣಿ ಸಾಮಾನು ಬರೆದಿಡುವ ಅಡುಗೆಮನೆಯ ಪುಟ್ಟ ಬೋರ್ಡಿನಲ್ಲಿ ಸಕ್ಕರೆ, ಶೇಂಗಾ ಎಲ್ಲ ಅಳಿಸಿಹೋಗಿದ್ದವು. ಅಲ್ಲಿ ದುಂಡು ಅಕ್ಷರದಲ್ಲಿ ಹೀಗಿತ್ತು: 'ಸುಳ್ಳು ಹೇಳಿದವರು: ಪಪ್ಪಾ, ಅತಿ ಅತಿ ಅತಿ.' ಕಚೇರಿಯಿಂದ ಬರುವಾಗ ಕಾಲು ಕಿಲೋ ಕುಂದಾ ತಂದು ಅವಳ ಮುಂದಿಟ್ಟೆ. ಅವಳು ಕುಂದಾ ತಿಂದು, ಕೈ ತೊಳೆದು, ಇನ್ನೊಂದು ಅತಿ ಬರೆದಳು. ಬರೆದು ನನ್ನ ಕಡೆ ತಿರುಗಿ ನಕ್ಕಳು. ಆ ನಗೆಯಲ್ಲಿ ನಾನು ಕಳೆದುಕೊಂಡದ್ದು ಅರ್ಧವಾದರೂ ವಾಪಸ್ಸು ಬಂದಿತ್ತು.

ಅದಿರಲಿ, ನನ್ನ ಹೆಸರು ಬೋರ್ಡಿನ ಮೇಲೆ ಬಿದ್ದಿತ್ತು! ಐವತ್ತು ವರ್ಷಕ್ಕೆ ಮೊದಲ ಸಲ, ಅದೂ ನಾಲ್ಕು ಅತಿಗಳ ಸಮೇತ. ಪರಶುರಾಮನಿಗೂ ಮೂರರ ಮೇಲೆ ಸಿಕ್ಕಿರಲಿಲ್ಲ. ಹೆಮ್ಮೆ ತಡೆಯಲಾಗದೆ ಫೋಟೋ ತೆಗೆದು ನಮ್ಮ ಗುಂಪಿಗೆ ಹಾಕಿದೆ. ಒಂದು ತಾಸು ಕಳೆದಿರಲಿಲ್ಲ, ಬಸವರಾಜನೂ ಒಂದು ಫೋಟೋ ಹಾಕಿದ. 'ನಮ್ಮ ಮಗನೂ ಬರದಾನ ನೋಡ್ರಿ' ಎಂಬ ಒಕ್ಕಣೆ, ಅವನ ಮನೆಯ ಬೋರ್ಡು, ಅವನ ಹೆಸರು, ಮುಂದೆ ಐದು ಅತಿ. ದೊಡ್ಡದು ಮಾಡಿ ನೋಡಿದೆ. ಎಷ್ಟೋ ವರ್ಷ ಅವನ ಬಾಜುವಿನಲ್ಲೇ ಕೂತು ಬರೆದವನು ನಾನು. ಆ ಡೊಂಕು ಅಕ್ಷರ ಬಸ್ಯಾನದೇ! ಮೈಯೆಲ್ಲ ಉರಿದುಹೋಯಿತು. ಒಂದು ಕ್ಷಣವೂ ತಡಮಾಡದೆ ಹಿರೇಮಠ ಸರ್‌ಗೆ ಫೋನ್ ಹಚ್ಚಿ ಅವನ ಹೆಸರು ಹೇಳಿಬಿಟ್ಟೆ.