ಕರೆಯಲು ಹೋದವನ ಹಿಂದೆ ಹೋದವನು

ಮಗನನ್ನು ಸ್ವತಂತ್ರ ಪ್ರಜೆಯನ್ನಾಗಿ ಮಾಡುವ ಮಹತ್ಕಾರ್ಯವನ್ನು ಒಂದೇ ಬಸ್ ಪ್ರಯಾಣದಲ್ಲಿ ಮುಗಿಸಲು ನಾನು ನಿರ್ಧರಿಸಿದೆ. ಅಷ್ಟು ಆತ್ಮವಿಶ್ವಾಸ ನನಗೆ!

ನಮ್ಮ ಸಂಗುವಿಗೆ ಹದಿನೇಳು. ಮನಸ್ಸು ಒಂದೆಡೆ ನಿಲ್ಲದ ಎಡಿಎಚ್‌ಡಿ, ಜೊತೆಗೆ ಕಲಿಕೆಯ ತೊಂದರೆ. ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸೇ ಹೋಗಿರುತ್ತದೆ. ಅವನು ಒಯ್ದ ಛತ್ರಿ ಮನೆಗೆ ಮರಳಿದ ಇತಿಹಾಸವಿಲ್ಲ. ನಾವಿಲ್ಲದ ಕಾಲಕ್ಕೆ ಇವನ ಗತಿ ಏನೆಂದು ನಾನು ಉಣ್ಣುವಾಗಲೂ ಚಿಂತಿಸುತ್ತೇನೆ. ಡಾಕ್ಟರು ಹೇಳಿದ್ದರು: "ಒಂದು ಕೆಲಸ ಪೂರ್ತಿ ಅವನಿಗೇ ಬಿಡ್ರಿ. ನಡುವ ನೀವು ಕೈ ಹಾಕಬ್ಯಾಡ್ರಿ."

ಹೆಣ್ಣುಮಕ್ಕಳು ತವರಿಗೆ ಬರುವ ನಾಗರ ಪಂಚಮಿ ಬಂತು. ತವರಿನವರು ಬಂದು ಕರೆಯದ ಹೊರತು ನಿಡಗುಂದಿಯ ನನ್ನ ತಂಗಿ ಹೊಸ್ತಿಲು ದಾಟುವವಳಲ್ಲ. ಪ್ರತಿ ವರ್ಷ ನಾನೇ ಹೋಗುತ್ತಿದ್ದೆ. ಈ ಸಲ ಸಂಗು ಒಬ್ಬನೇ ಹೋಗಿ ಅತ್ತೆಯನ್ನು ನಮ್ಮೂರು ಬಸವನ ಬಾಗೇವಾಡಿಗೆ ಕರೆತರತಕ್ಕದ್ದು ಎಂದು ಘೋಷಿಸಿದೆ.

"ನೀವು ಮನ್ಯಾಗ ಸುಮ್ನ ಕುಂಡ್ರತೀರೇನ್ರಿ?" ಹೆಂಡತಿ ಕೇಳಿದಳು.

"ಕುಂಡ್ರದ ಏನ ಮಾಡ್ಲಿ! ನಾ ಏನ್ ಸಣ್ಣ ಹುಡುಗನಾ?"

ಸಂಗು ಬಸ್ ಹತ್ತಿದ. ನಾನೂ ಹತ್ತಿದೆ. ತಲೆಗೆ ಟವೆಲ್, ಮುಖಕ್ಕೆ ಮಾಸ್ಕ್, ಹಿಂದಿನ ಸೀಟು. ಮುಂದೆ ಅವನ ಕಾಲು ಕುಣಿಯುತ್ತಿತ್ತು, ಹಿಂದೆ ನನ್ನದು.

ಕಂಡಕ್ಟರ್ ನನ್ನನ್ನು ದಿಟ್ಟಿಸಿದ. "ಯಾಕ್ರೀ ಯಜಮಾನ್ರ, ಆ ಹುಡುಗನ್ನ ಹಂಗ ನೋಡಾಕತ್ತೀರಿ? ಕಿಸೆ ಹೊಡಿಯೋ ವಿಚಾರ ಐತೇನು?"

"ಅಂವ ನನ್ನ ಮಗ ಅದಾನ್ರೀ!" ಎಂದು ಪಿಸುಗುಟ್ಟಿದೆ.

"ಮತ್ತ ಮಾರಿ ಯಾಕ ಮುಚ್ಚೀರಿ?"

ನಾನು ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡೆ.

ಗೊಳಸಂಗಿಯಲ್ಲಿ ಬಸ್ಸು ನಿಂತಿತು. ಸಂಗು ಇಳಿದುಬಿಟ್ಟ! ನಿಡಗುಂದಿ ಇನ್ನೂ ಬಂದೇ ಇಲ್ಲ! ನಾನೂ ಜನರನ್ನು ನೂಕಿ ಇಳಿದು ಓಡಿದೆ. ಅವನು ಅಜ್ಜಿಯೊಬ್ಬಳ ಚೀಲ ಇಳಿಸಿಕೊಟ್ಟು ಮತ್ತೆ ಹತ್ತಿಕೊಂಡನಂತೆ. ನಾನು ಚಹಾದಂಗಡಿಯ ಹಿಂದೆ ಹುಡುಕುತ್ತಿದ್ದೆ. ಬಸ್ಸು ಹೋಯಿತು. ಮೊಬೈಲು ಸೀಟಿನ ಮೇಲೆಯೇ ಉಳಿಯಿತು. ನನ್ನ ದುಡ್ಡೆಲ್ಲ ಆ ಮೊಬೈಲಿನಲ್ಲಿತ್ತು!

ಮುಂದಿನದು ಆಮೇಲೆ ತಿಳಿದದ್ದು. ಮೊಬೈಲು ಬಡಿದುಕೊಂಡಿದೆ. ಪರಿಚಿತ ರಿಂಗ್ ಕೇಳಿ ಸಂಗು ಹಿಂದೆ ಬಂದು ಎತ್ತಿದ್ದಾನೆ. ಆ ಕಡೆ ನನ್ನ ಹೆಂಡತಿ.

"ಅವ್ವಾ, ಅಪ್ಪಾಜಿ ಕಳದಾರ."

"ಎಲ್ಲಿ?"

"ಗೊಳಸಂಗ್ಯಾಗ ಇಳದ್ರು ಅಂತ ಕಂಡಕ್ಟರ್ ಹೇಳಾಕತ್ತಾರ. ತಿರುಗಿ ಹೋಗ್ಲೇನು?"

"ಬ್ಯಾಡೋ ಯಪ್ಪಾ. ಮೊದಲ ಅತ್ತಿನ್ನ ಕರಿ. ನಿಮ್ಮಪ್ಪ ಎಲ್ಲಿಗೂ ಹೋಗಂಗಿಲ್ಲ, ಅವರ ಹಂತ್ಯಾಕ ರೊಕ್ಕ ಇಲ್ಲ."

ಇತ್ತ ನಾನು ಕಟ್ಟೆಯ ಮೇಲೆ ಕುಳಿತು ಮಗನನ್ನು ಒಮ್ಮೆ ಲಾರಿಯ ಕೆಳಗೆ ಹಾಕುತ್ತಿದ್ದೆ, ಒಮ್ಮೆ ಕೃಷ್ಣೆಯಲ್ಲಿ ಮುಳುಗಿಸುತ್ತಿದ್ದೆ. ಬಸ್ಸು ಬಂದಾಗಲೆಲ್ಲ ಎದ್ದೆ. ಕೂತೆ. ಮತ್ತೆ ಎದ್ದೆ. ಕೊನೆಗೆ ನಿಡಗುಂದಿ ಕಡೆಯಿಂದ ಬಂದ ಬಸ್ಸಿನ ಬಾಗಿಲಲ್ಲಿ ಸಂಗು ನಿಂತಿದ್ದ!

"ಅಪ್ಪಾಜಿ, ಲಗೂನ ಹತ್ರಿ! ಬಸ್ ಭಾಳೊತ್ತು ನಿಂದ್ರಂಗಿಲ್ಲ!"

ಒಳಗೆ ತಂಗಿ ಇಳಕಲ್ ಸೀರೆಯುಟ್ಟು, ಮದುಮಗಳಂತೆ ಕಿಟಕಿ ಪಕ್ಕ ಕೂತಿದ್ದಳು. "ಯಾಕಣ್ಣಾ, ನಿನ್ನ ಕರಿಯಾಕ ಯಾರೂ ಬಂದಿಲ್ಲಂತ ಸಿಟ್ಟಾಗಿ ಹಾದ್ಯಾಗ ಕುಂತಿದ್ದೇನ?"

ಇಡೀ ಬಸ್ಸು ನಕ್ಕಿತು. ನಾನು ಗಂಭೀರವಾಗಿ ಸೀಟು ಹುಡುಕಿ ಕುಳಿತೆ. ಅಷ್ಟರಲ್ಲಿ ಆ ಬಸ್ಸಿನ ಕಂಡಕ್ಟರ್ ಬಂದು, "ನಿಮ್ಮ ಟಿಕೆಟ್ಟು ಯಾರ್ರೀ ತಗೋತಾರು?" ಎಂದ.

ನಾನು ಮಗನ ಕಡೆ ಬೆರಳು ತೋರಿಸಿದೆ.