ಹೆಸರು ಹೇಳದೆ ಹೊಳೆಯಲ್ಲಿ ತೇಲಿದ್ದು

ಅಂದು ನಾನು ಉಟ್ಟಿದ್ದು ಹಸಿರು ಸೀರೆ ಎಂದು ನನ್ನ ನೆನಪು. ಅಂದಿನ ದಿನಚರಿಯಲ್ಲಿ ನಾನೇ ಬರೆದಿರುವುದು ನೀಲಿ. ಆದ್ದರಿಂದ ಮುಂದಿನದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಹೇಳಿ ಹೇಳಿ ಬೆಳೆಸಿದ್ದು ಎಂದು ಪ್ರಮಾಣ ಮಾಡಲಾರೆ. ಒಂದು ಮಾತ್ರ ಖಚಿತ: ಹೊರಟಾಗ ನಾವಿಬ್ಬರೂ ಬಹಳ ಬುದ್ಧಿವಂತರಾಗಿದ್ದೆವು.

ಯುದ್ಧದ ಕಾಲ. ಮದುವೆಯಾಗಿ ಎಂಟು ತಿಂಗಳು. ನನ್ನ ಯಜಮಾನರು ಮಂಡ್ಯದಲ್ಲಿ ನಾಲೆಯ ಓವರ್‌ಸಿಯರ್. ಅವರ ಊರು ಮಳವಳ್ಳಿ ಸೀಮೆಯಲ್ಲಿ, ಕಾವೇರಿ ದಡದಲ್ಲೇ. ಯುದ್ಧಕ್ಕೆ ಹೋದ ಬಿಳಿ ದೊರೆಯೊಬ್ಬರು ಅಲ್ಲಿ ಬಿಟ್ಟುಹೋಗಿದ್ದ ಪುಟ್ಟ ಮೋಟಾರು ದೋಣಿ ಕೋಳಿಗಳ ವಾಸಸ್ಥಾನವಾಗಿತ್ತು. ಕೋಳಿಗಳನ್ನು ತೆರವು ಮಾಡಿಸಿ, ಎಂಜಿನ್ ಬಿಚ್ಚಿ ಜೋಡಿಸಿ, ಎರಡು ಬಾಟಲಿ ಪೆಟ್ರೋಲು ಹೇಗೋ ಹೊಂದಿಸಿ, "ಭಾನುವಾರ ಜಲವಿಹಾರ!" ಎಂದು ಘೋಷಿಸಿದರು.

ಅತ್ತೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟು ದೋಣಿಯೊಳಗೆ ಇಣುಕಿದರು.

"ಹುಟ್ಟುಗೋಲು ಎಲ್ಲಿ? ತಕಂಡ್ ಓಗ್ಲಾ. ಆ ಕೆಮ್ಮೋ ಮಿಸನ್ನು ನಂಬ್ಕಬ್ಯಾಡ."

"ಮೋಟಾರು ದೋಣಿಗೆ ಹುಟ್ಟಾ? ಕಾರಿಗೆ ಎತ್ತು ಕಟ್ದಂಗಾಯ್ತದೆ ಕಣವ್ವ!" ಎಂದು ಮಗ ನಕ್ಕರು.

ನಾನೂ ನಕ್ಕೆ. ನಾನು ಬಿ.ಎ.

ಹದಿನೇಳು ಸಲ ಹಗ್ಗ ಎಳೆದ ಮೇಲೆ ಎಂಜಿನ್ ಎದ್ದಿತು. ಹೊಳೆಯ ಹಕ್ಕಿಗಳೆಲ್ಲ ಊರು ಬಿಟ್ಟವು. ಅವರು ನನ್ನ ಕಡೆ ಬಾಗಿ ಏನೋ ಹೇಳಿದರು. ಆ ಸದ್ದಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ಮುಖ ನೋಡಿದರೆ ಒಳ್ಳೆಯ ಮಾತೇ ಇರಬೇಕು. ಹೂಂ ಎಂದೆ.

ನಡುವೆ ಒಂದು ಮರಳುದಿಬ್ಬದಲ್ಲಿ ಊಟ. ಅವರು ದೋಣಿಯನ್ನು ದಡದಲ್ಲಿ ಬಿದ್ದಿದ್ದ ಮರದ ಕೊರಡೊಂದಕ್ಕೆ ಕಟ್ಟಿ, ಮುಖಕ್ಕೆ ಟವಲು ಹಾಕಿಕೊಂಡು ಮಲಗಿದರು. ನಾನು ದೋಣಿಯಲ್ಲಿ ಕುಳಿತು ಬುತ್ತಿಯ ಪಾತ್ರೆ ತೊಳೆಯುತ್ತಿದ್ದೆ. ತಲೆಯೆತ್ತಿದರೆ ದಿಬ್ಬ ದೂರ ಹೋಗುತ್ತಿದೆ! ಅವರು ಹಾಕಿದ ಗಂಟು ಬಿಚ್ಚಿರಲಿಲ್ಲ. ಅವರ ಕೆಲಸ ಯಾವಾಗಲೂ ಭದ್ರ. ಕೊರಡೇ ನನ್ನ ಜೊತೆ ಹೊರಟಿತ್ತು!

ಎಂಜಿನ್ ಹಗ್ಗ ಎಳೆದೆ. ಹಗ್ಗ ಕೈಗೆ ಬಂತು. ಎಂಜಿನ್ ಬರಲಿಲ್ಲ.

ಈ ನೀರು ಮುಂದೆ ಶಿವನಸಮುದ್ರದಲ್ಲಿ ಧುಮುಕಿ ಕರೆಂಟಾಗುತ್ತದೆ, ಆ ಕರೆಂಟು ಕೋಲಾರದ ಗಣಿಗೆ ಹೋಗುತ್ತದೆ. ಭೂಗೋಳದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಸಂಜೆಯೊಳಗೆ ನಾನು ಕೋಲಾರದಲ್ಲಿ ದೀಪವಾಗಿ ಉರಿಯುವುದು ನಿಶ್ಚಯ!

"ಇಲ್ಕೇಳಿ! ಇಲ್ನೋಡೀ! ರೀ!"

ಟವಲು ಅಲುಗಲಿಲ್ಲ. ದಡದಲ್ಲಿ, ಮಗುಚಿಟ್ಟ ಹರಿಗೋಲಿಗೆ ಟಾರು ಬಳಿಯುತ್ತಿದ್ದ ಮುದುಕನೊಬ್ಬ ತಿರುಗಿದ.

"ಯಾರ್ನ ಕರೀತಿದ್ದೀಯವ್ವ?"

"ಅವರನ್ನ! ಅಲ್ಲಿ ಮಲಗಿದ್ದಾರಲ್ಲ, ಅವರನ್ನ!"

"ಅವ್ರು ಇವ್ರು ಅಂದ್ರೆ ಯಾರ್ ಏಳ್ತಾರೆ? ಎಸ್ರಿಡ್ದು ಕೂಗವ್ವ!"

ಗಂಡನ ಹೆಸರು ಹೇಳಬಾರದೆಂಬುದು ಬರಿಯ ಮೌಢ್ಯ ಎಂದು ವಾದಿಸಿ, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬೆಳ್ಳಿ ಬಟ್ಟಲು ಗೆದ್ದವಳು ನಾನು. ಆದರೆ ಆಗ ನನಗೆ ಗಂಡನಿರಲಿಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸು ಕುಗ್ಗುತ್ತದೆ ಎಂದು ಅತ್ತೆ ನಂಬಿದ್ದರು. ಹೇಳದಿದ್ದರೆ ನನ್ನದು ಕುಗ್ಗುವಂತಿತ್ತು. ಬಾಯಿ ತೆರೆದೆ. ಮುಚ್ಚಿದೆ. ಅಷ್ಟರಲ್ಲಿ ಹೊಳೆಯ ತಿರುವು ಬಂತು. ಇನ್ನೊಂದು ಗಳಿಗೆಗೆ ಆ ಬಿಳಿ ಟವಲು ಕಣ್ಮರೆಯಾಗುತ್ತದೆ ಎನ್ನಿಸಿದಾಗ, ಜಲಪಾತ, ಕೋಲಾರ ಎಲ್ಲ ಮರೆತುಹೋಯಿತು.

ಕೂಗಿಬಿಟ್ಟೆ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ ಸಮೇತ!

ಮೇಷ್ಟರು ಹಾಜರಿ ಕೂಗಿದ ಹಾಗೆ ಅವರು ಎದ್ದು ನಿಂತರು. ನನ್ನನ್ನು ನೋಡಿದರು. ಅಂಗಿಯನ್ನೂ ಬಿಚ್ಚದೆ ಹೊಳೆಗೆ ಹಾರಿದರು. ನನ್ನ ಕಡೆಗೆ ಬಂದರು. ಈಜಿಕೊಂಡಲ್ಲ, ಓಡಿಕೊಂಡು. ನೀರು ಮೊಣಕಾಲಿಗಿತ್ತು.

"ಅದ್ನೇ ಯೋಳಕ್ಕೆ ಬಾಯಿ ಬುಟ್ಟೆ ಕಣವ್ವ," ಎಂದ ಮುದುಕ, "ಇಳ್ದು ನಡ್ಕಂಡ್ ಬಾ ಅಂತ. ನೀನೆಲ್ಲಿ ಮಾತಾಡಕ್ ಬುಟ್ಟೆ?"

ಅವರು ಏದುಸಿರು ಬಿಡುತ್ತ ದೋಣಿಯ ಅಂಚು ಹಿಡಿದರು.

"ಏನಂತ ಕೂಗ್ದೆ?"

"ಏನಿಲ್ಲ."

"ಇನ್ನೊಂದ್ಸಲ ಕೂಗು."

"ಆಗಲ್ಲ!"

ಎಂಜಿನ್ ಮತ್ತೆ ಏಳಲೇ ಇಲ್ಲ. ಅವರು ಟವಲನ್ನು ಹೆಗಲ ಮೇಲೆ ಮಡಿಸಿಟ್ಟುಕೊಂಡು, ಅದರ ಮೇಲೆ ಹಗ್ಗ ಹಾಕಿ, ದಡದಂಚಿನ ನೀರಿನಲ್ಲಿ ಊರಿನವರೆಗೂ ದೋಣಿ ಎಳೆದರು. ಕಾರಿಗೆ ಎತ್ತು ಕಟ್ಟಿಯಾಗಿತ್ತು!

ಸುದ್ದಿ ನಮಗಿಂತ ಮೊದಲೇ ಮನೆ ಸೇರಿತ್ತು. ಅತ್ತೆ ಬಾಗಿಲಲ್ಲೇ ಉಪ್ಪು, ಮೆಣಸಿನಕಾಯಿ ಹಿಡಿದು ನಿಂತಿದ್ದರು. ಮಗನಿಗೆ ಮೂರು ಸಲ ನಿವಾಳಿಸಿದರು. ನನ್ನ ಕಡೆ ತಿರುಗಿದರು. ಬೈಗುಳ ಬಂತು ಎಂದು ತಲೆ ತಗ್ಗಿಸಿದೆ. ಅವರು ಇನ್ನೊಂದು ಹಿಡಿ ಉಪ್ಪು ತೆಗೆದು ನನಗೂ ನಿವಾಳಿಸಿದರು.

"ಅಳ್ಳಿಗೆಲ್ಲ ಕೇಳುಸ್ತಂತೆ ಕಣಮ್ಮ," ಎಂದರು, ಅಷ್ಟೆ.

ಆ ಬೆಳ್ಳಿ ಬಟ್ಟಲಿನಲ್ಲಿ ಈಗ ಅರಿಸಿನ ಇಡುತ್ತೇನೆ. ಈ ಬರಹದಲ್ಲೂ, ನೋಡಿ, ಅವರು ಬರೀ 'ಅವರು'.

ಮಾವನವರು ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಆ ಜಲವಿಹಾರದ ಮಾರನೆಯ ಬೆಳಿಗ್ಗೆ ಒಲೆಯ ಮುಂದೆ ಕುಳಿತಿದ್ದ ಅತ್ತೆಯನ್ನು ಒಂದು ಮಾತು ಕೇಳಿದೆ. ಅವರು ಒಲೆಗೆ ಇನ್ನೊಂದು ಸೌದೆ ತಳ್ಳಿದರು. ಉರಿ ಚೆನ್ನಾಗಿಯೇ ಇತ್ತು. ನಾನು ಕೇಳಿದ್ದು ಇಷ್ಟೇ:

"ಅತ್ತೆಮ್ಮ, ನೀವು ಒಂದು ದಿನಾನಾದ್ರೂ ಮಾವನವರನ್ನ ಹೆಸರು ಹಿಡಿದು ಕೂಗಿದ್ರಾ?"