ಕುರ್ಚಿ ಇಲ್ಲದ ಪಾಸು

ಗೇಟಿನ ಬಾಜೂಕ ಸ್ಟೂಲ್ ಹಾಕ್ಕೊಂಡು ಕುಂತವ ಕಥಿ ಹುಡುಕೋದೇ ಬ್ಯಾಡ, ಅವೇ ಪಾಸ್ ಹಿಡಕೊಂಡು ಸಾಲಿಗೆ ನಿಂತಿರ್ತಾವ. ನಾ ಡ್ರಿಲ್ ಮಾಸ್ತರಾಗಿ ರಿಟೈರ್ ಆದವ. ಶಹಾಪುರದಾಗ ನಮ್ಮದೊಂದು ಫುಟ್‌ಬಾಲ್ ಕಮಿಟಿ ಅದ. ಯಾದಗಿರಿ, ಸುರಪುರ, ಶಹಾಪುರದ ಹುಡುಗ್ರು ಸೀಸನ್ ತುಂಬ ಐತವಾರಕ್ಕೊಮ್ಮೆ ಆಡ್ತಾರ. ಹತ್ತು ಆಟಕ್ಕ ಒಂದು ಪಾಸು, ಪಾಸಿನ ಮ್ಯಾಲ ಹತ್ತು ಚೌಕ. ಬಂದವ್ರ ಪಾಸಿಗೆ ಒಂದೊಂದು ತೂತು ಹೊಡೆಯೋದು ನನ್ನ ಕೆಲಸ. ಪಗಾರಿಲ್ಲ, ಬೈಗುಳ ಮಾತ್ರ ಭರ್ತಿ.

೧. ಅರ್ಜಿ

ಈ ಸಲ ಕಮಿಟಿಯವ್ರು ಪ್ಲಾಸ್ಟಿಕ್ ಕುರ್ಚಿ ತರಿಸಿ ಪಾಸಿನ ರೇಟು ಡಬಲ್ ಮಾಡಿಬಿಟ್ರು. ಮೊದಲನೇ ಐತವಾರಾನೇ ಬಜಾರದ ಹಮಾಲ ಒಬ್ಬ ಬಂದು ನನ್ನ ಮುಂದ ನಿಂತ. ಹತ್ತಿ ಅಂಡಿಗಿ ಹೊತ್ತೂ ಹೊತ್ತೂ ಕುತ್ತಿಗಿ ಹೆಗಲಾಗ ಇಳದು ಹೋದ ಮನಷ್ಯಾ. ಗ್ರೌಂಡ್ ಸುರು ಆದಾಗಿಂದ ಒಂದೂ ಆಟ ತಪ್ಪಿಸಿದವಲ್ಲ.

"ಮಾಸ್ತರ, ಈ ಕುರ್ಚಿ ಯಾರು ಕೇಳಿದ್ರು?"

"ನಿಮಗ ಆರಾಮ ಆಗ್ಲಿ ಅಂತ ತರಿಸ್ಯಾರಪ್ಪಾ."

"ನನಗ ಆರಾಮ ಬ್ಯಾಡ್ರಿ, ಆಟ ಬೇಕು. ಕುರ್ಚಿ ನೀವೇ ಇಟ್ಕೊಳ್ರಿ, ಬರೇ ಪಾಸ್ ಕೊಡ್ರಿ. ಇಷ್ಟು ರೊಕ್ಕ ಕೊಟ್ಟು ಬರಾಕ ನನ್ನ ಕೈಲಿ ಆಗಂಗಿಲ್ಲ."

ಕೊಡಾಕ ನನಗ ಅಧಿಕಾರ ಎಲ್ಲಿತ್ತು? ಅವತ್ತು ಅಂವ ಗ್ರೌಂಡಿನ ತಗಡಿನ ಬೇಲಿ ಹೊರಗ ನಿಂತು ಕಿವಿಲೇ ಆಟ ನೋಡಿದ. ಒಳಗ ಗೋಲ್ ಆದ್ರ ಹೊರಗಿಂದ "ಯಾರು ಹೊಡದ್ರೋ?" ಅಂತ ಒದರ್ತಿದ್ದ.

ಮೀಟಿಂಗಿನ್ಯಾಗ ನಾ ಜಗಳಾ ತಗದೆ. ನಮ್ಮ ಕಾರ್ಯದರ್ಶಿ ಸಾಹೇಬ್ರು ರೂಲಿನ ಮನಷ್ಯಾ, ಸುಮ್ನ ಬಗ್ಗೋರಲ್ಲ. ಕಡೀಕ ಅಂದ್ರು: "ಆತು, ಕುರ್ಚಿ ಇಲ್ಲದ ಪಾಸು ಮಾಡೂನು, ಅರ್ಧ ರೇಟು. ಆದ್ರ ಆ ಪಾಸಿನವ ಕುರ್ಚಿಗೆ ಕೈ ಹಚ್ಚಿದ್ರ ಹೊರಗ!"

ಹಮಾಲ ಮೊದಲನೇ ಪಾಸ್ ತಗೊಂಡ. ಅವನ ಹಿಂದ ಇಡೀ ಬಜಾರ ಬಂತು. ಎಲ್ಲಾರೂ ಹೋಗಿ ಗೆರಿಗೆ ಹತ್ತಿ ನಿಂತ್ರು. ಹಿಂದಿನ ಕುರ್ಚಿಯವ್ರಿಗೆ ಬೆನ್ನು ಬಿಟ್ರ ಏನೂ ಕಾಣವಲ್ದು. ಅವ್ರೂ ಎದ್ದು ಕುರ್ಚಿ ಮ್ಯಾಲ ಹತ್ತಿದ್ರು. ನಾಕು ಕುರ್ಚಿ ಮುರದ್ವು, ಒಂದು ಸಾಹೇಬ್ರದೇ. ಡಬಲ್ ರೊಕ್ಕ ಕೊಟ್ಟವ್ರೂ ನಿಂತೇ ಆಟ ನೋಡಿದ್ರು.

೨. ಒಂದೇ ಒಲಿ

ಮಂದಿ ಬಂದದ್ದು ನೋಡಿ ಸಾಹೇಬ್ರಿಗೆ ಹುರುಪು ಬಂತು. "ಮನಿ ಪಾಸ್" ಅಂತ ತಗದ್ರು. ಒಂದು ಮನಿಗೆ ಒಂದೇ ಪಾಸು, ಎಲ್ಲಾರೂ ಬರಬಹುದು.

ಮುಂದಿನ ಐತವಾರ ಬಾಜೂ ಹಳ್ಳಿ ಸಗರದಿಂದ ಒಂದು ಟ್ರ್ಯಾಕ್ಟರ್ ಬಂತು. ಇಪ್ಪತ್ತೇಳು ಮಂದಿ ಇಳದ್ರು. ಮುಂದ ಒಬ್ಬಾಕಿ ಮುದುಕಿ, ಕೈಯಾಗ ಒಂದೇ ಪಾಸು.

"ಯವ್ವಾ, ಇವ್ರೆಲ್ಲಾ ಒಂದೇ ಮನ್ಯಾವ್ರಾ?"

"ಒಂದೇ ಒಲಿರೀ ನಮ್ದು. ನಂಬಿಕಿಲ್ಲಂದ್ರ ಹೇಳ್ರಿ, ನಾಳಿ ಒಲೀನೇ ಕಿತ್ತು ತರ್ತೀವಿ."

ಸಾಹೇಬ್ರು ಶಾಣ್ಯಾ. ಒಬ್ಬೊಬ್ಬರನ್ನ ಬಾಜೂಕ ಕರದು, ಮುಂಜಾನೆ ಏನ್ ಉಂಡಿ ಅಂತ ಕೇಳ್ಕೋತ ಹೋದ್ರು. ಎಲ್ಲಾರೂ ರೊಟ್ಟಿ, ಪುಂಡಿಪಲ್ಯಾ ಅಂದ್ರು. ಒಬ್ಬ ಹಿರ್ಯಾ ಮಾತ್ರ ಉಪ್ಪಿಟ್ಟು ಅಂದ.

"ಸಿಕ್ಕಿದ ನೋಡ್ರಿ! ಇಂವ ಬ್ಯಾರೆ ಮನಿಯವ!"

ಮುದುಕಿ ಸಿಟ್ಟಿಗೆದ್ದಳು. "ಬ್ಯಾರೆಯವ ಹೆಂಗಾಗ್ತಾನ್ರಿ? ನನ್ನ ಗಂಡ ಅಂವ. ರಾತ್ರಿ ನನ್ನ ಕೂಡ ಜಗಳಾಡಿ, ಮುಂಜಾನೆ ಹೋಟೆಲ್ದಾಗ ತಿಂದಾನ!"

ಬಾಜೂಕ ನಿಂತ ಹಮಾಲ ಹೊಟ್ಟಿ ಹಿಡಕೊಂಡು ನಕ್ಕ. ನಾ ಅಂದೆ: "ನೀನೂ ಮನಿ ಪಾಸ್ ತಗೋಬೇಕಿತ್ತಲ್ಲೋ."

"ನನ್ನ ಒಲಿಗೆ ಇಬ್ರೇರಿ ಮಾಸ್ತರ. ಆಕಿ ಆಟಕ್ಕ ಬರಾಂಗಿಲ್ಲ, ನಾ ಐತವಾರ ಮನ್ಯಾಗಿರಾಂಗಿಲ್ಲ. ಅದಕ್ಕೇ ಸಂಸಾರ ನಡದದ."

೩. ದವಾಖಾನಿ

ಏಳು ಆಟ ಮುಗಿದಿದ್ವು. ಬಜಾರದಾಗ ಲಾರಿ ಮ್ಯಾಲಿಂದ ಅಂಡಿಗಿ ಉರುಳಿ ಹಮಾಲನ ಮೈಮ್ಯಾಲ ಬಿತ್ತು. ಯಾದಗಿರಿ ದವಾಖಾನ್ಯಾಗ ಹಾಕಿದ್ರು. ಸ್ವಾಮವಾರ ನೋಡಾಕ ಹೋದೆ. ಸೊಂಟದ ಕೆಳಗ ಹಂದ್ಯಾಡವಲ್ದು. ತಲಿದಿಂಬಿನ ಬುಡಕ ಪಾಸು.

"ಮಾಸ್ತರ, ನಿನ್ನಿ ಆಟದ ಚೌಕಕ್ಕ ತೂತು ಹೊಡಿಬ್ಯಾಡ್ರಿ. ನಾ ಬಂದಿಲ್ಲ."

"ಆತಪ್ಪಾ, ಹೊಡಿಯಂಗಿಲ್ಲ."

"ನಿಂತು ನೋಡೋ ಪಾಸು ಬೇಕಂತ ಬಡದಾಡಿದವ ನಾನೇ. ಈಗ ನಿಲ್ಲಾಕೇ ಬರದಂಗಾತು ನೋಡ್ರಿ," ಅಂತ ನಗಾಕ ಹತ್ತಿದ. ನಕ್ರ ನೋವು, ನೋವಾದ್ರ ಮತ್ತ ನಗು. ಹೇಣ್ತಿ ಗದರಿದಳು. ಅಂವ ಆಕಿ ಕೈ ಹಿಡದು ಅಂದ: "ಕಡೀ ಆಟಕ್ಕರೆ ನನ್ನ ಒಯ್ಯಿ. ಹೆಂಗರೆ ಮಾಡು, ಒಯ್ಯಿ."

ಆಕಿ ಆತು ಅಂದಳು.

ನಾ ಬಂದವ್ನೇ ಸಾಹೇಬ್ರ ಹತ್ರ ಹೋಗಿ, ಅವನಿಗೊಂದು ಕುರ್ಚಿ ಬಿಟ್ಟುಕೊಡ್ರಿ ಅಂದೆ. ಅವ್ರು ಪಾಪ, ಬಹಳ ಹೊತ್ತು ಕಣ್ಣು ಮುಚ್ಚಿ ವಿಚಾರ ಮಾಡಿದ್ರು. ಆಮ್ಯಾಲ ಅಂದ್ರು: "ಬ್ಯಾಡ ಮಾಸ್ತರ. ಒಬ್ಬನಿಗೆ ಬಿಟ್ರ, ನಾಳಿ ಎಲ್ಲಾರೂ ಸೊಂಟ ಮುರಕೊಂಡು ಬರ್ತಾರ."

೪. ಕಡೀ ಆಟ

ಕಡೀ ಆಟದ ಹಿಂದಿನ ದಿನ ಸಂಜೀಕ ಹಮಾಲ ತೀರಿಕೊಂಡ.

ಐತವಾರ ನಾ ಗೇಟಿಗೆ ಬಂದು ಕುಂತೆ ಖರೆ, ಯಾರ ಪಾಸಿಗೆ ತೂತು ಹೊಡದ್ನೋ, ಯಾರಿಗೆ ಬಿಟ್ನೋ, ಒಂದೂ ಗೊತ್ತಿಲ್ಲ. ಆಟ ಅರ್ಧ ಆಗಿತ್ತು. ದೂರದಾಗ ಹಲಗಿ ಸಪ್ಪಳ ಕೇಳಿಸ್ತು. ಮಣ್ಣಿಗೆ ಹೋಗೋ ದಾರಿ ನಮ್ಮ ಗ್ರೌಂಡಿನ ಮುಂದೇ ಹಾಯ್ತದ. ಹಮಾಲನ ಮಂದ್ಯಾಗ ಹೆಣಾ ಮಲಗಿಸಿ ಒಯ್ಯಂಗಿಲ್ಲ, ಕೂಡಿಸಿ ಒಯ್ತಾರ. ಮನ್ಯಾಗಿನ ಕಟ್ಟಿಗಿ ಕುರ್ಚಿಗೆ ಬಿದಿರು ಕಟ್ಟಿ, ಹೊಸಾ ಪಟಗಾ ಸುತ್ತಿ, ಹೂವಿನ ಹಾರ ಹಾಕಿ ಕೂಡಿಸಿದ್ರು. ಹೊತ್ತವ್ರೆಲ್ಲಾ ಬಜಾರದ ಹಮಾಲ್ರು.

ಮುಂದ ಹೋಗಬೇಕಾದವ್ರು ಗೇಟಿನ ಹತ್ರ ನಿಂತುಬಿಟ್ರು. ಹಲಗಿ ನಿಂತಿತು. ಒಳಗ ರೆಫ್ರಿ ಸೀಟಿ ಊದಿ ಆಟ ನಿಂದ್ರಿಸಿದ. ಅವನ ಹೇಣ್ತಿ ಮುಂದ ಬಂದು, ಸೆರಗಿನ ಗಂಟು ಬಿಚ್ಚಿ ಪಾಸ್ ತಗದು ನನ್ನ ಕೈಗೆ ಕೊಟ್ಟಳು.

"ಇದರಾಗ ಇನ್ನಾ ಆಟ ಉಳದಾವ್ರಿ ಮಾಸ್ತರ. ಕರ್ಕೊಂಡು ಬರ್ತೀನಂತ ಮಾತು ಕೊಟ್ಟಿದ್ದೆ."

ನಾ ಹತ್ತನೇ ಚೌಕಕ್ಕ ತೂತು ಹೊಡದು, ಗೇಟಿನ ಎರಡೂ ಬಾಗಿಲಾ ತಗದೆ. ಅಷ್ಟರಾಗ ಸಾಹೇಬ್ರು ಓಡಿ ಬಂದ್ರು. ಕುರ್ಚಿ ಮ್ಯಾಲ ಕುಂತವ್ನ ನೋಡಿದ್ರು, ನನ್ನ ಕೈಯಾಗಿನ ಪಾಸು ನೋಡಿದ್ರು. ಕಣ್ಣಾಗ ನೀರು ತುಂಬಿದ್ವು, ಆದ್ರೂ ಬಾಯಿ ರೂಢಿ ಬಿಡಬೇಕಲ್ಲ.

"ಯವ್ವಾ... ಇದು ಕುರ್ಚಿ ಇಲ್ಲದ ಪಾಸು..."

"ಗೊತ್ತದ್ರಿ ಸಾಹೇಬ್ರ," ಅಂದಳು ಆಕಿ. "ಕುರ್ಚಿ ನಾವೇ ತಂದೀವಿ."